ಬೀಗದೊಳಗೆ ಬೆಳೆದ ಜಡೆ

"ಮುಟ್ಟಬೇಡಿ ಅಮ್ಮ! ಮೊದಲು ನೋಡಿ. ಆಮೇಲೆ ಬೇಕಾದ್ರೆ ಮುಟ್ಟಿ."

ಜಡೆಯಕ್ಕನ ಮೈದುನನ ದನಿ ನಡುಗುತ್ತಿತ್ತು. ಹಗಲು ಹೊತ್ತು, ಹೊರಗೆ ಬೀದಿಯಲ್ಲಿ ಸೈಕಲ್ ಗಂಟೆ, ಮಕ್ಕಳ ಗದ್ದಲ. ಆದರೂ ಅವನು ಅಂಗಡಿಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದ. ಒಳಗೆ ಕಾಲಿಡಲಿಲ್ಲ.

ಕನ್ನಡಕದಕ್ಕ ಒಬ್ಬಳೇ ಒಳಗೆ ಹೋದಳು.

ಮೇಜಿನ ಮೇಲೆ ಒಂದು ಮರದ ತಲೆ. ಅದರ ಮೇಲೆ ವಿಗ್. ವಿಗ್ಗಿನ ಕೂದಲು ಮೇಜಿನಂಚಿನಿಂದ ಇಳಿದು ನೆಲ ಮುಟ್ಟುವಷ್ಟು ಉದ್ದ. ಕಪ್ಪೆಂದರೆ ಕಪ್ಪು. ನೆತ್ತಿಯ ಹತ್ತಿರ, ಬಲೆಬಟ್ಟೆಗೆ ಅಡ್ಡಲಾಗಿ ಒಂದು ಕೆಂಪು ದಾರ ಹೊಲಿದಿತ್ತು.

"ಆ ದಾರ ನಾನೇ ಹಾಕಿದ್ದು, ನಿನ್ನೆ ಸಂಜೆ. ಕೂದಲು ಅಲ್ಲಿವರೆಗೆ ಇತ್ತು. ದಾರದ ಮುಂದೆ ಬರೀ ಬಲೆ. ಆಮೇಲೆ ಬೀಗ ಹಾಕ್ದೆ, ಕೀಲಿಕೈ ದಿಂಬಿನ ಕೆಳಗೆ ಇಟ್ಕೊಂಡೆ. ಈಗ ನೋಡಿ."

ಕನ್ನಡಕದಕ್ಕ ನೋಡಿದಳು. ದಾರದ ಮುಂದೆ, ಹಣೆಯ ಅಂಚಿನವರೆಗೂ ಕೂದಲು ಬೆಳೆದಿತ್ತು. ಎಡಗಡೆ ಕಿವಿಯ ಮೇಲ್ಭಾಗದಲ್ಲಿ, ಕಪ್ಪಿನ ನಡುವೆ ಒಂದು ಬೆರಳಗಲದ ಬಿಳಿ ಎಳೆ.

ಆ ಬಿಳಿ ಎಳೆಯನ್ನು ಈ ಬೀದಿಯಲ್ಲಿ ಗುರುತಿಸದವರು ಯಾರೂ ಇರಲಿಲ್ಲ. ಅದು ಜಡೆಯಕ್ಕನದು. ವಿಗ್ ಮಾಡುವವಳ ತಲೆಯಲ್ಲೇ ಮೊಣಕಾಲಿಗೆ ಬೀಳುವ ಜಡೆ. ಆ ಜಡೆಯಲ್ಲಿ ಹುಟ್ಟಿನಿಂದ ಬಂದ ಒಂದು ಬಿಳಿ ಎಳೆ. ಮುಖ ನೋಡುವ ಮೊದಲು ಜನ ಅವಳ ಜಡೆ ನೋಡುತ್ತಿದ್ದರು. ಆ ಜಡೆಯಕ್ಕ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವಳ ಕೂದಲು ಮಾತ್ರ ಬೀಗ ಹಾಕಿದ ಅಂಗಡಿಯಲ್ಲಿ, ಮರದ ತಲೆಯ ಮೇಲೆ, ದಿನಾ ಒಂದಿಷ್ಟು ಬೆಳೆಯುತ್ತಿತ್ತು.

"ಸತ್ತೋರ ಕೂದಲು ಬೆಳೆಯುತ್ತೆ ಅಂತಾರೆ. ನಿಜಾನಾ ಅಮ್ಮ?" ಮೈದುನ ಹೊಸ್ತಿಲಿನಿಂದಲೇ ಕೇಳಿದ.

"ಸತ್ತೋರು ಅಂತ ಯಾಕಪ್ಪಾ ಅಂತೀಯ? ನಿಮ್ಮ ಅತ್ತಿಗೆ ಸಾಲದ ದುಡ್ಡು ತಗೊಂಡು ಓಡಿಹೋದ್ರು ಅಂತ ಸಂಘಕ್ಕೆ ಬಂದು ಹೇಳಿದ್ದು ನೀನೇ ಅಲ್ವಾ?"

ಅವನು ಬೀದಿಯ ಕಡೆ ಮುಖ ತಿರುಗಿಸಿದ.

ಕನ್ನಡಕದಕ್ಕ ಮಹಿಳಾ ಸಾಲ ಸಂಘದ ತಪಾಸಣೆಯವಳು. ಸಾಲ ಪಡೆದ ಹೆಂಗಸಿನ ಅಂಗಡಿ ನಡೆಯುತ್ತಿದೆಯೇ, ಮಾಲು ಇದೆಯೇ, ಗಿರಾಕಿ ಬರುತ್ತಾರೆಯೇ ಎಂದು ನೋಡಿ ಬರುವುದು ಅವಳ ಕೆಲಸ. ವಯಸ್ಸು ಅರವತ್ತರ ಹತ್ತಿರ. ಯಾರ ಅಂಗಡಿಗೆ ಹೋದರೂ ಮೊದಲು ಅವರ ಕೈ ನೋಡುತ್ತಿದ್ದಳು. ಕೈ ಕೆಲಸದಲ್ಲಿದ್ದರೆ ಅಂಗಡಿ ಬದುಕಿದೆ ಎಂದು ಲೆಕ್ಕ. ಇವತ್ತು ನೋಡಲು ಇಲ್ಲಿ ಕೈಯೇ ಇರಲಿಲ್ಲ.

ನಾಳೆ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಹೊಸ ಮ್ಯಾನೇಜರ್ ಮುಂದೆ ಜಡೆಯಕ್ಕನೂ ಸೇರಿದ ಐವರ ಗುಂಪು ಸಹಿ ಹಾಕಬೇಕು. ಐವರೂ ಒಬ್ಬರಿಗೊಬ್ಬರು ಜಾಮೀನು. ಐವರೂ ಬಂದರೆ ಎಲ್ಲರಿಗೂ ದೊಡ್ಡ ಸಾಲ. ಒಬ್ಬಳು ತಪ್ಪಿದರೂ ಗುಂಪು ಮುರಿಯಿತು. ತಪ್ಪಿದವಳ ಹಳೆಯ ಸಾಲ ಉಳಿದ ನಾಲ್ವರ ತಲೆಗೆ. ಆಗ ಜಡೆಯಕ್ಕನ ಅಂಗಡಿಯ ಸಾಮಾನು ಹರಾಜಿಗೆ ಬರುತ್ತದೆ. ಕೊಳ್ಳಲು ಮೈದುನ ಸಿದ್ಧವಾಗಿ ಕೂತಿದ್ದ. "ಓಡಿಹೋಗಿದ್ದಾಳೆ" ಎಂಬ ಒಂದು ಸಾಲು ಕನ್ನಡಕದಕ್ಕನಿಂದ ಬರೆಸಿಕೊಂಡರೆ ಅವನ ಕೆಲಸ ಮುಗಿಯಿತು.

"ಸ್ವಲ್ಪ ಕೂತ್ಕೋತೀನಪ್ಪ. ಕಾಲು ಸೋತಿದೆ," ಎಂದಳು ಅವಳು.

ಅವನು ಅಷ್ಟು ಹೆದರಿದ್ದರೂ ಒಳಗೆ ಬಂದು, ತನ್ನ ಕರವಸ್ತ್ರದಿಂದಲೇ ಕುರ್ಚಿಯ ಧೂಳು ಒರೆಸಿ ಕೊಟ್ಟ. ಕೆಟ್ಟವನೆಂದು ನಾವು ತೀರ್ಮಾನ ಮಾಡಿದವನೂ ಒಮ್ಮೊಮ್ಮೆ ಕುರ್ಚಿ ಒರೆಸುತ್ತಾನೆ. ಕನ್ನಡಕದಕ್ಕ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

"ಇನ್ನೊಂದು ವಿಷಯ ಅಮ್ಮ. ನೀವು ನಂಬಲ್ಲ."

"ಹೇಳು, ನಂಬೋದು ಬಿಡೋದು ಆಮೇಲೆ."

ಅವನು ಹಿಂದಿನ ಗೋಡೆಯತ್ತ ಕೈ ತೋರಿಸಿದ. ಅಲ್ಲಿ ನೆಲದಿಂದ ಆಳೆತ್ತರದವರೆಗೆ ಮರದ ಹಲಗೆಗಳು. ಹಲಗೆಗಳಲ್ಲಿ ಸಾಲುಸಾಲಾಗಿ ಗೂಟ, ಗೂಟಕ್ಕೊಂದು ಮರದ ತಲೆ. ಕಣ್ಣು ಮೂಗು ಬರೀ ಉಬ್ಬುತಗ್ಗಾಗಿ ಕಾಣುವ, ಬಣ್ಣವಿಲ್ಲದ ತಲೆಗಳು.

"ಸಂಜೆ ಬೀಗ ಹಾಕೋವಾಗ ಎಲ್ಲಾ ತಲೆ ಎಣಿಸಿ, ಮುಖ ಗೋಡೆ ಕಡೆ ತಿರುಗಿಸಿ ಹೋಗ್ತೀನಿ. ಅವು ನೋಡ್ತಿದ್ರೆ ನಂಗೆ ಆಗಲ್ಲ. ಬೆಳಿಗ್ಗೆ ಬಂದು ನೋಡಿದ್ರೆ…"

ಅವನು ಮಾತು ಮುಗಿಸಬೇಕಾಗಿರಲಿಲ್ಲ. ಒಂದು ತಲೆ ಗೋಡೆಯನ್ನು ನೋಡುತ್ತಿತ್ತು. ಇನ್ನೊಂದು ಅರ್ಧ ತಿರುಗಿತ್ತು. ಮತ್ತೊಂದು ನೇರವಾಗಿ ಬಾಗಿಲನ್ನೇ ನೋಡುತ್ತಿತ್ತು, ಯಾರೋ ಕರೆದಾಗ ತಿರುಗಿದ ಹಾಗೆ.

ಕನ್ನಡಕದಕ್ಕನೂ ಒಂದು ಕ್ಷಣ ಕುರ್ಚಿಯ ಅಂಚು ಹಿಡಿದಳು. ಆದರೆ ಅವಳು ದೆವ್ವಕ್ಕಿಂತ ಮೊದಲು ನೆಲ ನೋಡುವವಳು.

"ಒಂದು ಲೋಟ ನೀರು ಸಿಗುತ್ತಾ?"

ಅವನು ಹೊರಗೆ ಓಡಿದ. ಹೋಗಲು ಒಂದು ನೆಪ ಸಿಕ್ಕಿತಲ್ಲ ಎಂಬ ಖುಷಿ ಅವನ ಬೆನ್ನಿನಲ್ಲೇ ಕಾಣುತ್ತಿತ್ತು.

ಹಲಗೆಗಳ ಕೆಳಗೆ, ನೆಲದ ಮೇಲೆ, ಕಾಲುವೃತ್ತದ ಆಕಾರದಲ್ಲಿ ಒಂದು ತೆಳು ಗೀರು. ಅವಳು ಹಲಗೆಯ ಅಂಚಿಗೆ ಕೈ ಹಚ್ಚಿ ಮೆಲ್ಲಗೆ ಎಳೆದಳು. ಬೀಗ ಇತ್ತು, ಜಗ್ಗಲಿಲ್ಲ. ಆದರೆ ಹಲಗೆಗಳೆಲ್ಲ ಒಟ್ಟಿಗೇ ಒಂದಿಷ್ಟು ಅಲುಗಿದವು. ಅದು ಗೋಡೆಯಲ್ಲ, ಬಾಗಿಲು. ಯಾವ ಕಾಲದಲ್ಲೋ ಹಿಂದಿನ ಓಣಿಗಿದ್ದ ಬಾಗಿಲಿಗೆ ಜಡೆಯಕ್ಕ ಹಲಗೆ ಬಡಿದು ತಲೆ ಇಡುವ ಜಾಗ ಮಾಡಿಕೊಂಡಿದ್ದಳು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಸಡಿಲ ಗೂಟದ ಮೇಲಿನ ತಲೆಗಳು ತಾವಾಗಿ ತಿರುಗುತ್ತಿದ್ದವು. ಅಷ್ಟೇ.

ಅಷ್ಟೇ ಎಂದುಕೊಂಡರೂ, ಬಾಗಿಲನ್ನೇ ನೋಡುತ್ತಿದ್ದ ಆ ತಲೆಯನ್ನು ಅವಳು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದಳು.

ಆಮೇಲೆ ವಿಗ್ಗಿನ ಹತ್ತಿರ ಬಂದು ಕನ್ನಡಕ ಮೂಗಿನ ತುದಿಗೆ ಇಳಿಸಿದಳು. ಬಲೆಬಟ್ಟೆಯ ಕಣ್ಣಿಗೊಂದು ಕೂದಲು, ಕೂದಲಿಗೊಂದು ಗಂಟು. ಕೊಕ್ಕೆ ಸೂಜಿಯಲ್ಲಿ ಎಳೆದು ಕಟ್ಟಿದ್ದು. ಕತ್ತಿನ ಕಡೆಯಿಂದ ನೆತ್ತಿಯವರೆಗೂ ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ಜಡೆಯಕ್ಕ ಎಡಗೈಯವಳು. "ನನ್ನ ಗಂಟೂ ನನ್ನ ಥರಾನೇ ಅಕ್ಕ, ಊರಿಗೆಲ್ಲ ಒಂದು ದಾರಿ, ನಂಗೊಂದು ದಾರಿ," ಎಂದು ಅವಳೇ ಒಮ್ಮೆ ಕನ್ನಡಿ ಹಿಡಿದು ತೋರಿಸಿದ್ದಳು.

ಹಾಗಾದರೆ ಬದುಕಿದ್ದಾಳೆ. ಕನ್ನಡಕದಕ್ಕನಿಗೆ ಉಸಿರು ಹಗುರಾಯಿತು.

ಬಲೆಯನ್ನು ಮರದ ತಲೆಯಿಂದ ಬಿಡಿಸಿ ಒಳಮಗ್ಗುಲು ನೋಡಿದಳು. ಕಾಯಿಲೆಯಿಂದ ಕೂದಲು ಉದುರಿದವರಿಗೆ ವಿಗ್ ಮಾಡುವಾಗ ಜಡೆಯಕ್ಕ ಒಳಗೆ ಮೆತ್ತನೆಯ ಹಳೆ ಬಟ್ಟೆಯ ಪದರ ಕೊಡುತ್ತಿದ್ದಳು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಇದರಲ್ಲೂ ಒಳಪದರವಿತ್ತು. ಒಗೆದೊಗೆದು ಬೆಣ್ಣೆಯಾದ ಬಿಳಿ ಬಟ್ಟೆ, ಅಂಚಿಗೆ ಮಾಸಿದ ನೀಲಿ ಪಟ್ಟೆ. ಎಲ್ಲೋ ನೋಡಿದ ಪಟ್ಟೆ. ಎಲ್ಲಿ?

ವಿಗ್ ಕೆಳಗಿನ ಮರದ ತಲೆಗೆ ಅಳತೆ ಹೆಚ್ಚಿಸಲು ಸುತ್ತುವ ಬಟ್ಟೆಪಟ್ಟಿಗಳು ಹೊಸದಾಗಿ ಬಿಚ್ಚಿ ಸುತ್ತಿದಂತಿದ್ದವು. ಅದನ್ನೂ ನೋಡಿದಳು. ನೋಡುತ್ತಿದ್ದಂತೆ ಅವಳ ಕೈ ತಾನಾಗಿ ಬೈತಲೆಗೆ ಹೋಯಿತು. ಕಳೆದ ವರ್ಷದ ಜ್ವರದ ಮೇಲೆ ಅವಳ ಬೈತಲೆ ಅಗಲವಾಗಿತ್ತು. ಅದನ್ನು ಗಮನಿಸಿದ ಒಬ್ಬಳೇ ಒಬ್ಬಳೆಂದರೆ ಜಡೆಯಕ್ಕ. ಗಮನಿಸಿದೆ ಎಂದು ಹೇಳಲೂ ಇಲ್ಲ. "ಈ ಟೇಪು ಹಿಗ್ಗಿದೆಯೋ ಏನೋ, ನಿಮ್ಮ ತಲೆ ಕೊಡಿ ಅಕ್ಕ, ನೋಡೋಣ," ಎಂದು ಹಣೆಯಿಂದ ಕತ್ತಿಗೆ, ಕಿವಿಯಿಂದ ಕಿವಿಗೆ ಅಳೆದುಬಿಟ್ಟಿದ್ದಳು. "ನನಗ್ಯಾಕೆ ವಿಗ್ಗು, ಮದುವೆಯಾಗಬೇಕಾ?" ಎಂದು ಇವಳು ಗದರಿದ್ದಳು. ಇಬ್ಬರೂ ನಕ್ಕಿದ್ದರು.

ಮೈದುನ ನೀರು ತಂದ.

"ಈ ವಿಗ್ ನಾನು ತಗೊಂಡು ಹೋಗ್ತೀನಿ. ಸಂಘದ ಸ್ವಾಧೀನ."

"ತಗೊಂಡು ಹೋಗಿ ಅಮ್ಮ! ಪುಣ್ಯ ಬರುತ್ತೆ." ಅವನು ಕೈ ಮುಗಿದೇಬಿಟ್ಟ.

ಬೀದಿಗೆ ಇಳಿದ ಮೇಲೆ ಒಂದು ಪ್ರಶ್ನೆ ಕಾಲಿಗೆ ತೊಡರಿದ ಬಳ್ಳಿಯಂತೆ ಅವಳ ಜೊತೆಯಲ್ಲೇ ಬಂತು. ಅತ್ತಿಗೆ ಓಡಿಹೋಗಿದ್ದಾಳೆ ಎಂದು ನಂಬಿದವನು, ಅವಳೇ ಕದ್ದು ಬಂದು ಕೂದಲು ಕಟ್ಟುತ್ತಿರಬಹುದು ಎಂದು ಏಕೆ ಅನುಮಾನಿಸಲಿಲ್ಲ? ಅವನಿಗೆ ನೇರವಾಗಿ ದೆವ್ವವೇ ಏಕೆ ಹೊಳೆಯಿತು?

*

ನೀಲಿ ಪಟ್ಟೆ ಸಿಕ್ಕಿದ್ದು ಸಂಜೆಗೆ ಮುಂಚೆ, ಬನ್ನಕ್ಕನ ಬೇಕರಿಯಲ್ಲಿ.

ಉಬ್ಬಲು ಇಟ್ಟಿದ್ದ ಹಿಟ್ಟಿನ ಮೇಲೆ ಅದು ಹಾಸಿಕೊಂಡಿತ್ತು. ಮೈದಾ ಚೀಲದ ಬಟ್ಟೆ, ಒಗೆದೊಗೆದು ಮೆತ್ತಗಾದದ್ದು, ಅಂಚಿಗೆ ಮಾಸಿದ ನೀಲಿ.

"ಬನ್ನಿ ಅಕ್ಕ, ಬನ್ನಿ. ತಪಾಸಣೆಗೋ ಬ್ರೆಡ್ಡಿಗೋ? ತಪಾಸಣೆಗಾದ್ರೆ ಭಟ್ಟಿ ಕೆಟ್ಟಿದೆ, ಬ್ರೆಡ್ಡಿಗಾದ್ರೆ ಅರ್ಧ ಸೀದಿದೆ."

ಬನ್ನಕ್ಕ ಗುಂಪಿನ ಐವರಲ್ಲಿ ಒಬ್ಬಳು. ಗುಂಡು ಮುಖ, ಹಿಟ್ಟು ಮೆತ್ತಿದ ಮೊಣಕೈ, ಹಣೆಯಿಂದ ಕತ್ತಿನವರೆಗೆ ಬಿಗಿಯಾಗಿ ಕಟ್ಟಿದ ತಲೆಬಟ್ಟೆ. ಅವಳ ಭಟ್ಟಿಯ ಬಾಗಿಲು ಬಿರುಕು ಬಿಟ್ಟು ವರ್ಷವಾಗಿತ್ತು. ಒಂದು ಮಗ್ಗುಲಿನ ಶಾಖ ಸೋರಿಹೋಗಿ, ಪ್ರತಿ ತಟ್ಟೆಯನ್ನೂ ನಡುವೆ ಹೊರಗೆಳೆದು ತಿರುಗಿಸಿ ಇಡಬೇಕು. ಹೊಸ ಭಟ್ಟಿಗೆ ಮುಂಗಡ ಕೊಟ್ಟಾಗಿತ್ತು. ನಾಳೆಯ ಸಾಲ ಬಂದರೆ ಭಟ್ಟಿ ಬರುತ್ತದೆ. ಬಾರದಿದ್ದರೆ ಮುಂಗಡವೂ ಹೋಯಿತು, ಜಡೆಯಕ್ಕನ ಸಾಲದ ಪಾಲೂ ಬಂತು. ಮುಂದಿನ ತಿಂಗಳ ಬಾಡಿಗೆ ಕಟ್ಟುವ ಹಾಗಿರಲಿಲ್ಲ. ಅವಳ ನಗುವಿನ ಹಿಂದೆ ಇದೆಲ್ಲ ಇತ್ತು.

ಬಾಗಿಲ ಹತ್ತಿರ ಒಂದು ಬುಟ್ಟಿಯಲ್ಲಿ ಸೀದ ಬ್ರೆಡ್ಡುಗಳನ್ನು ಕರಕಲು ಹೆರೆದು ಇಟ್ಟಿದ್ದಳು. ಕೇಳುವ ಮುಜುಗರವಿಲ್ಲದೆ ಬೇಕಾದವರು ಎತ್ತಿಕೊಂಡು ಹೋಗಲಿ ಎಂದು ಬುಟ್ಟಿ ಬಾಗಿಲಿನ ಹೊರಗಡೆಗೇ ಇತ್ತು.

ಕನ್ನಡಕದಕ್ಕ ಚೀಲದಿಂದ ವಿಗ್ ತೆಗೆದು, ಅಂಗಡಿಯ ಒಳಮೂಲೆಯ ಹಲಗೆಯ ಮೇಲೆ ಇಟ್ಟಳು. ಒಳಪದರ ಮೇಲೆ ಬರುವಂತೆ ಮಗುಚಿ, ನೀಲಿ ಪಟ್ಟೆಯನ್ನು ಹಿಟ್ಟಿನ ಮೇಲಿದ್ದ ನೀಲಿ ಪಟ್ಟೆಯ ಪಕ್ಕ ಹಿಡಿದಳು.

ಬನ್ನಕ್ಕ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ. ಸ್ವಲ್ಪ ಜೋರಾಗಿ ನಾದಿದಳು, ಅಷ್ಟೇ.

"ಹಿಟ್ಟಿನ ಚೀಲದ ಬಟ್ಟೆ ಊರಲ್ಲಿ ಎಲ್ಲರ ಹತ್ರಾನೂ ಇರುತ್ತೆ ಅಕ್ಕ."

"ಇರುತ್ತೆ. ಜಡೆಯಕ್ಕನ ಅಂಗಡಿಯ ಎರಡನೇ ಕೀಲಿಕೈ ಎಲ್ಲರ ಹತ್ರಾನೂ ಇರುತ್ತಾ?"

ಐವರ ಗುಂಪಿನಲ್ಲಿ ಅದೊಂದು ಪದ್ಧತಿ. ಪ್ರತಿಯೊಬ್ಬಳ ಅಂಗಡಿಯ ಎರಡನೇ ಕೀಲಿಕೈ ಇನ್ನೊಬ್ಬಳ ಸೊಂಟದಲ್ಲಿ. ಒಬ್ಬಳು ಜ್ವರದಿಂದ ಮಲಗಿದರೆ ಇನ್ನೊಬ್ಬಳು ಹೋಗಿ ಅವಳ ಅಂಗಡಿ ತೆರೆದು, ಗಿರಾಕಿಯನ್ನು ಕೂರಿಸಿ, "ನಾಳೆ ಬರ್ತಾಳೆ, ಕೋಪ ಮಾಡ್ಕೋಬೇಡಿ" ಎಂದಾದರೂ ಹೇಳಬೇಕು. ಒಬ್ಬಳ ಅಂಗಡಿ ನಿಂತರೆ ಐವರ ಕುತ್ತಿಗೆಗೂ ಬರುತ್ತದೆಂದು ಹೆದರಿ ಮಾಡಿಕೊಂಡ ಕಟ್ಟಳೆ. ಬರಬರುತ್ತ ಅದೇ ಅಕ್ಕರೆಯಾಗಿತ್ತು.

"ಮುಂದಿನ ಬಾಗಿಲಿಗೆ ಮೈದುನ ಹೊಸ ಬೀಗ ಹಾಕಿದ. ಹಿಂದಿನ ಬಾಗಿಲು ಅವನಿಗೆ ಗೊತ್ತೇ ಇಲ್ಲ," ಎಂದಳು ಕನ್ನಡಕದಕ್ಕ. "ಆ ಕೀಲಿಕೈ ನಿನ್ನ ಸೊಂಟದಲ್ಲಿತ್ತು. ಜಡೆಯಕ್ಕ ಎಲ್ಲಿ ತಂಗಿ?"

"ನಂಗೇನು ಗೊತ್ತು."

"ತಲೆಬಟ್ಟೆ ಬಿಚ್ಚು."

"ಏನಕ್ಕ ಇದು! ತಲೆ ತುಂಬಾ ಹಿಟ್ಟು…"

"ಬಿಚ್ಚು ಅಂದೆ."

ಬನ್ನಕ್ಕ ಕೈ ಒರೆಸಿಕೊಂಡಳು. ಗಂಟು ಸಡಿಲಿಸಿದಳು. ಬಟ್ಟೆ ಹೆಗಲಿಗೆ ಜಾರಿತು.

ತಲೆ ನುಣ್ಣಗಿತ್ತು. ಕುರಿ ಉಣ್ಣೆ ತೆಗೆದ ಹಾಗೆ, ಅಲ್ಲಲ್ಲಿ ಕತ್ತರಿ ತಪ್ಪಿದ ಗುರುತು.

ಭಟ್ಟಿಯಲ್ಲಿ ಏನೋ ಚಿಟ್ಟೆಂದಿತು.

"ಒಂದು ಲಾಭ ಆಯ್ತು ಅಕ್ಕ. ಬನ್ನಲ್ಲಿ ಕೂದಲು ಸಿಕ್ತು ಅಂತ ಇನ್ಯಾವ ಗಿರಾಕೀನೂ ಜಗಳಕ್ಕೆ ಬರೋ ಹಾಗಿಲ್ಲ," ಎಂದಳು ಬನ್ನಕ್ಕ. ನಗಲು ಹೋದಳು. ಕಣ್ಣು ತುಂಬಿ ಬಂತು.

"ಯಾಕಮ್ಮ ಹೀಗೆ?"

"ಅವಳು ಜಡೆ ಕತ್ತರಿಸಿಕೊಂಡಾಗ ಅಳೋಕೆ ಶುರು ಮಾಡಿದ್ಳು. ಎಷ್ಟು ಹೇಳಿದ್ರೂ ನಿಲ್ಲಿಸ್ಲಿಲ್ಲ. ನಂಗೆ ತಡಿಯೋಕಾಗ್ಲಿಲ್ಲ. ಅದೇ ಕತ್ತರಿ ಇಸ್ಕೊಂಡು ನಂದೂ ತೆಗೆದುಬಿಟ್ಟೆ. ಆಗ ನಕ್ಕಳು."

ಮಾತು ಒಂದು ಸಲ ಬಿಟ್ಟಿತು, ಮತ್ತೆ ನಿಲ್ಲಲಿಲ್ಲ.

"ನಿಮಗೆ ಗೊತ್ತಲ್ಲ ಅಕ್ಕ, ಮೊದಲು ಒಂದೊಂದು ಹಿಡಿ ಕೂದಲಿಗೂ ಅವಳು ಮೈದುನನ ಬಾಗಿಲಿಗೆ ಹೋಗಬೇಕಿತ್ತು. ಅವನು ಉದ್ರಿ ಕೊಡೋದು, ಅವನು ಹೇಳಿದ್ದೇ ರೇಟು. ವರ್ಷವಿಡೀ ಬೆನ್ನು ಬಗ್ಗಿಸಿದ್ರೂ ಕೈಗೆ ಬರ್ತಿದ್ದದ್ದು ಕೂದಲೆಳೆಯಷ್ಟೇ. ಸಂಘದ ಸಾಲ ಸಿಕ್ಕಿದ ಮೇಲೆ ಮೊದಲ ಸಲ ತಾನೇ ಹೋಗಿ, ತಾನೇ ಆರಿಸಿ, ರೊಕ್ಕ ಎಣಿಸಿ ಮಾಲು ತಂದ್ಳು. ಎರಡೇ ವರ್ಷಕ್ಕೆ ಆಸ್ಪತ್ರೆಯವರೆಲ್ಲ ಅವಳ ಹತ್ರಾನೇ ಬರೋ ಹಾಗಾಯ್ತು. ಅದೇ ಅವನ ಹೊಟ್ಟೆ ಉರಿಸಿದ್ದು. ಅಂಗಡಿ ಬಾಡಿಗೆ ಅಣ್ಣನ ಹೆಸರಲ್ಲಿದೆ, ಅಣ್ಣ ಸತ್ತ, ಈಗ ಅದು ನಂದು, ಬರೆದುಕೊಡು ಅಂತ ಕೂತ. ಬರೆದುಕೊಡದಿದ್ರೆ ಸಹಿ ದಿನ ನೀನು ಆ ಕಚೇರಿ ಮೆಟ್ಟಿಲು ಹತ್ತೋದು ಹೇಗೆ ಅಂತ ನೋಡ್ತೀನಿ ಅಂದ."

"ಅದಕ್ಕೆ ನೀನು ಬಚ್ಚಿಟ್ಟೆ."

"ಇಲ್ಲೇ, ಮೇಲೆ ಹಿಟ್ಟಿನ ಅಟ್ಟದಲ್ಲಿ." ಬನ್ನಕ್ಕ ಗಲ್ಲದಿಂದಲೇ ಮೇಲೆ ತೋರಿಸಿದಳು. "ಉಪಾಯ ಅವಳದ್ದೇ. ಜನ ನೋಡೋದು ಜಡೆ, ಮುಖ ಯಾರು ನೋಡ್ತಾರೆ ಅಂದ್ಳು. ನಾಳೆ ನಾನು ಅವಳ ಜಡೆ ಹಾಕ್ಕೊಂಡು, ಬೆನ್ನು ತೋರಿಸ್ಕೊಂಡು ಪೇಟೆ ಕಡೆ ನಡೆಯೋದು. ಕಚೇರಿ ಬಾಗಿಲಲ್ಲಿ ಕಾಯೋ ಮೈದುನ ನನ್ನ ಹಿಂದೆ ಓಡಿ ಬರ್ತಾನೆ. ಅವಳು ನನ್ನ ತಲೆಬಟ್ಟೆ ಕಟ್ಕೊಂಡು, ಬ್ರೆಡ್ಡಿನ ಬುಟ್ಟಿ ಹೊತ್ಕೊಂಡು ಒಳಗೆ ಹೋಗಿ ಸಹಿ ಹಾಕೋದು. ಅವನನ್ನ ತಪ್ಪಿಸಿಕೊಂಡು ನಾನೂ ಹಿಂದೇನೇ ಬರೋದು."

ಕನ್ನಡಕದಕ್ಕನಿಗೆ ನಗು ಬಂತು, ಭಯವೂ ಆಯಿತು. "ಹಾಗಾದ್ರೆ ಆ ವಿಗ್ ದಿನಾ ಅಂಗಡಿಗೆ ವಾಪಸ್ ಯಾಕೆ ಇಡ್ತಿದ್ರಿ?"

"ಅವನು ತಲೆ ಎಣಿಸ್ತಾನಲ್ಲ! ಒಂದು ಕಮ್ಮಿ ಆದ್ರೂ ಯಾರೋ ಬಂದಿದ್ರು ಅಂತ ಗೊತ್ತಾಗುತ್ತೆ. ಅದಕ್ಕೆ ಕತ್ತಲಾದ ಮೇಲೆ ತರೋದು, ಅವಳು ಕಟ್ಟೋದು, ಬೆಳಗಾಗೋದರೊಳಗೆ ಇಟ್ಟು ಬರೋದು. ಕೂದಲನ್ನ ತೂಕ ಹಾಕಿ ಮಾರೋನು, ಗಂಟು ನೋಡೋನಲ್ಲ, ವಿಗ್ ಬೆಳೆದಿದ್ದು ಅವನಿಗೆಲ್ಲಿ ಕಾಣುತ್ತೆ ಅಂದ್ಕೊಂಡ್ವಿ. ಅಲ್ಲೇ ತಪ್ಪಿದ್ದು. ಕಂಡುಬಿಡ್ತು. ಹೆದರಿದಾನೆ ಅಂತ ಗೊತ್ತಾದಾಗ, ಹೆದರಲಿ ಮುಂಡೇದು ಅಂತ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ."

"ಸರಿ. ಈಗ ಕರಿ ಅವಳನ್ನ ಕೆಳಗೆ."

ಬನ್ನಕ್ಕನ ಮುಖದ ಮೇಲಿನ ಬಣ್ಣವೆಲ್ಲ ಇಳಿದು ಹಿಟ್ಟು ಮಾತ್ರ ಉಳಿಯಿತು.

"ಅವಳಿಲ್ಲ ಅಕ್ಕ."

"ಅಂದ್ರೆ?"

"ಮೊನ್ನೆ ಸಂಜೆಯಿಂದ ಇಲ್ಲ. ಬಿಳಿ ಎಳೆ ಅಂಗಡೀಲೇ ಎಲ್ಲೋ ಮುಚ್ಚಿಟ್ಟಿದ್ಳಂತೆ. ಅದಿಲ್ಲದೆ ನನ್ನ ಜಡೆ ಅಂತ ಯಾರು ನಂಬ್ತಾರೆ, ನಾನೇ ಹೋಗಿ ತರ್ತೀನಿ, ಒಲೆ ಮೇಲೆ ಹಾಲಿಟ್ಟಿರು ಅಂದ್ಳು. ನನ್ನ ಹತ್ರ ಇದ್ದ ಕೀಲಿಕೈ ಇಸ್ಕೊಂಡು ಹೋದ್ಳು. ಬರಲಿಲ್ಲ. ಹಾಲು ಆರಿತು, ಮತ್ತೆ ಕಾಯಿಸಿದೆ, ಮತ್ತೆ ಆರಿತು. ಯಾರಿಗೆ ಹೇಳ್ಲಿ? ಹೇಳಿದ್ರೆ ಎಲ್ಲಾ ಬಯಲಾಗುತ್ತೆ. ಬರ್ತಾಳೆ, ಬರ್ತಾಳೆ ಅಂತ ಕಾಯ್ತಾ ಕೂತೆ."

"ನಿನ್ನೆ ರಾತ್ರಿ ನೀನು ಆ ಅಂಗಡಿಗೆ ಹೋಗಿದ್ದೆಯಾ?"

"ಕೀಲಿಕೈ ಎಲ್ಲಿದೆ ಹೋಗೋಕೆ?"

ಕನ್ನಡಕದಕ್ಕ ವಿಗ್ಗನ್ನು ಮತ್ತೆ ನೇರ ಮಾಡಿ ಬೆಳಕಿಗೆ ಹಿಡಿದಳು. ಬೆಳಿಗ್ಗೆ ಅವಳು ಗಂಟು ನೋಡಿದ್ದು ನೆತ್ತಿಯವರೆಗೆ. ಕೆಂಪು ದಾರದ ಮುಂದಿನದನ್ನು ನೋಡಿರಲಿಲ್ಲ. ಬಿಳಿ ಎಳೆ ಕಂಡೊಡನೆ ಕಣ್ಣು ಅಲ್ಲೇ ಸಿಕ್ಕಿಕೊಂಡಿತ್ತು.

ಈಗ ನೋಡಿದಳು. ದಾರದ ಹಿಂದೆ ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ದಾರದ ಮುಂದೆ, ಒಂದೂ ತಪ್ಪದೆ, ಬಲಕ್ಕೆ.

"ಇದು ಅವಳ ಕೈ ಅಲ್ಲ," ಎಂದಳು. ತನ್ನ ದನಿ ತನಗೇ ದೂರದಿಂದ ಬಂದಂತಿತ್ತು. "ನಿನ್ನೆ ಇದನ್ನ ಮುಗಿಸಿದ್ದು ಬೇರೆ ಯಾರೋ. ಅವಳು ತರೋಕೆ ಹೋದ ಬಿಳಿ ಎಳೆ ಅವರ ಹತ್ರ ಇತ್ತು. ಅವಳು ಒಯ್ದ ಕೀಲಿಕೈಯೂ ಅವರ ಹತ್ರ ಇತ್ತು."

"ಅಯ್ಯೋ, ಹಾಗನ್ನಬೇಡಿ ಅಕ್ಕ."

"ಹಾಕಿಕೋ ಇದನ್ನ. ನಿನ್ನ ಅಳತೆಗೆ ಸರಿ ಇದೆಯಾ ನೋಡೋಣ."

ಬನ್ನಕ್ಕ ಎರಡೂ ಕೈಯಿಂದ ವಿಗ್ ಎತ್ತಿ ಬೋಳು ತಲೆಗೆ ಇಟ್ಟುಕೊಂಡಳು. ಎಳೆದಳು. ಅದು ಕಿವಿಯ ಮೇಲೇ ನಿಂತಿತು. ಇನ್ನೂ ಎಳೆದಳು. ಇಳಿಯಲಿಲ್ಲ.

"ಮೊನ್ನೆ ಸರಿಯಾಗಿತ್ತು! ಅವಳೇ ಅಳೆದು ಕೂರಿಸಿ ನೋಡಿದ್ಳು. ನಿನ್ನದು ಕುಂಬಳಕಾಯಿ ತಲೆ ಅಂತ ಬೈದು ಪಟ್ಟಿ ಸುತ್ತಿದ್ಳು. ಇದನ್ನ ಯಾರೋ ಹಿಡಿದು ಹೊಲಿದಿದಾರೆ ಅಕ್ಕ. ಇದು ನಂಗೆ ಮಾಡಿದ್ದಲ್ಲ ಈಗ."

ಮರದ ತಲೆಗೆ ಹೊಸದಾಗಿ ಸುತ್ತಿದ್ದ ಪಟ್ಟಿಗಳು ಕನ್ನಡಕದಕ್ಕನ ಕಣ್ಣ ಮುಂದೆ ಬಂದವು. ನಾಳೆ ಬೆಳಿಗ್ಗೆಗೆ ಜಡೆಯಕ್ಕನ ಕೂದಲು ಹೊತ್ತು ನಡೆಯಲು ಯಾರೋ ಬೇರೆಯವರು ಸಿದ್ಧವಾಗುತ್ತಿದ್ದಾರೆ. ಹೊಸ ಮ್ಯಾನೇಜರಿಗೆ ಐವರಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ. ಜಡೆ ಇದ್ದವಳೇ ಜಡೆಯಕ್ಕ.

ಯಾರ ತಲೆ ಅದು?

ಯೋಚಿಸುತ್ತಲೇ ಅವಳು ಕನ್ನಡಕ ತೆಗೆದು ಹಲಗೆಯ ಮೇಲಿಟ್ಟಳು. ಬನ್ನಕ್ಕನ ಕೈಯಿಂದ ವಿಗ್ ತೆಗೆದುಕೊಂಡು, ತನ್ನ ತೆಳು ಕೂದಲನ್ನು ಹಿಂದಕ್ಕೆ ಒತ್ತಿ, ತಲೆಗೆ ಇಟ್ಟಳು. ಬರೀ ಅಳತೆಯ ಅಂದಾಜಿಗೆ.

ಅದು ತಾನಾಗಿ ಇಳಿದು ಕೂತಿತು.

ಎಳೆಯಬೇಕಾಗಲಿಲ್ಲ, ಸರಿಪಡಿಸಬೇಕಾಗಲಿಲ್ಲ. ಹಣೆಯಿಂದ ಕತ್ತಿಗೆ, ಕಿವಿಯಿಂದ ಕಿವಿಗೆ, ಹಳೆಯ ಗೆಳತಿಯ ಎರಡು ಅಂಗೈ ತಲೆ ಹಿಡಿದಂತೆ. ಮೆತ್ತನೆಯ ಒಳಪದರ ಅವಳ ಬೋಳು ಬೈತಲೆಯ ಮೇಲೆ ಬೆಚ್ಚಗೆ ಕೂತಿತ್ತು. ಕೂದಲು ಬೆನ್ನ ಮೇಲಿಂದ ಇಳಿದು ಮೊಣಕಾಲಿನ ಹಿಂಭಾಗಕ್ಕೆ ತಾಗಿತು.

ಈ ಅಳತೆ ಗೊತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಜಡೆಯಕ್ಕ. ಗಂಟು ಮಾತ್ರ ಅವಳ ಕೈಯದಲ್ಲ.

ಕೈ ತೊಳೆಯುವ ಬೋಗುಣಿಯ ಮೇಲೆ ಒಂದು ಚಿಕ್ಕ ಕನ್ನಡಿ ಇತ್ತು. ಕನ್ನಡಕವಿಲ್ಲದ ಕಣ್ಣಿಗೆ ಅದರಲ್ಲಿ ಮುಖ ಮಂಜಾಗಿತ್ತು. ಜಡೆಯಕ್ಕನೇ ನಿಂತಿದ್ದಂತಿತ್ತು.

"ತೆಗೀರಿ ಅಕ್ಕ," ಎಂದಳು ಬನ್ನಕ್ಕ ಪಿಸುದನಿಯಲ್ಲಿ. "ದಮ್ಮಯ್ಯ, ತೆಗೀರಿ ಅದನ್ನ."

ಹೇಳುತ್ತಲೇ ಬನ್ನಕ್ಕ ತಲೆಬಟ್ಟೆಯನ್ನು ಗಬಕ್ಕನೆ ತಲೆಗೆಳೆದುಕೊಂಡಳು. ಅವಳ ನೋಟ ಕನ್ನಡಕದಕ್ಕನ ಹೆಗಲು ದಾಟಿ ಬೀದಿ ಬಾಗಿಲಿಗೆ ಹೋಗಿ, ಅಲ್ಲೇ ಕಲ್ಲಾಯಿತು.

ಅದು ಸಂಜೆಯ ಬ್ರೆಡ್ಡು ಭಟ್ಟಿಯಿಂದ ಇಳಿಯುವ ಹೊತ್ತು. ಬೀದಿಯವರೆಲ್ಲ ಬರುವ ಹೊತ್ತು. ಬಾಗಿಲಲ್ಲಿ ಏನೋ ಕೆಳಗೆ ಬಿತ್ತು. ಸೀದ ಬ್ರೆಡ್ಡಿನ ಬುಟ್ಟಿ ಮಗುಚಿ ಉರುಳಿದ ಸದ್ದು.

"ಅತ್ತಿಗೇ…"

ಮೈದುನನ ದನಿ. ಬೆಳಿಗ್ಗೆ ನಡುಗುತ್ತಿದ್ದ ದನಿಯೇ, ಆದರೆ ಈಗ ಅದರಲ್ಲಿ ಉಸಿರೇ ಇರಲಿಲ್ಲ. ಬೆಳಿಗ್ಗೆ ತಾನೇ ಆ ವಿಗ್ ಕೊಟ್ಟು ಕಳಿಸಿದ್ದೂ ಆ ಭಯದಲ್ಲಿ ಅವನಿಗೆ ಮರೆತುಹೋಗಿತ್ತು.

"ಬೀಗ ಹಾಕಿದ್ನಲ್ಲ… ನಾನೇ ಕೈಯಾರೆ ಹಾಕಿದ್ನಲ್ಲ. 'ನನ್ನನ್ನ ಕೂಡಿಹಾಕಬಹುದು, ನನ್ನ ಜಡೇನ ಆಗಲ್ಲ' ಅಂದ್ರಿ, ನಾನು ನಕ್ಕೆ… ನೀವು ಹೇಗೆ ಹೊರಗೆ ಬಂದ್ರಿ ಅತ್ತಿಗೆ?"

ಕನ್ನಡಕದಕ್ಕ ಅಲುಗಲಿಲ್ಲ. ತಿರುಗಿದರೆ ಮುಖ ಕಾಣುತ್ತದೆ. ಮಾತಾಡಿದರೆ ದನಿ ಸಿಕ್ಕಿಬೀಳುತ್ತದೆ. ಜಡೆಯಕ್ಕನನ್ನು ಎಲ್ಲಿ ಕೂಡಿಹಾಕಿದ್ದಾನೋ ಆ ಜಾಗ ಈ ಲೋಕದಲ್ಲಿ ಅವನೊಬ್ಬನ ನಾಲಿಗೆಯ ತುದಿಯಲ್ಲಿತ್ತು, ಮತ್ತು ಅವನು ಈಗ ಒಂದು ಬೆನ್ನಿಗೆ ಹೆದರಿ ಮಾತಾಡುತ್ತಿದ್ದ.

ಅವಳು ಮೆಲ್ಲಗೆ ಎಡಗೈ ಎತ್ತಿದಳು. ಜಡೆಯಕ್ಕ ಎತ್ತುತ್ತಿದ್ದ ಹಾಗೆಯೇ, ಕಿವಿಯ ಮೇಲಿನ ಬಿಳಿ ಎಳೆಯನ್ನು ಬೆರಳಿಂದ ಹಿಂದಕ್ಕೆ ಸರಿಸಿದಳು.

ಹಿಂದೆ, ಒಂದು ಹೆಜ್ಜೆ ಹೊಸ್ತಿಲು ದಾಟಿ ಒಳಗೆ ಬಂತು.